ಹೂಂ ಎನ್ನುವ ಡಬ್ಬಿಗಳು

18-6-2003, ಬುಧವಾರ

ಕಂಪ್ಯೂಟರ್ ಅಂಗಡಿಯಲ್ಲಿ ಇವತ್ತೂ ಮದುವೆ ಕಾರ್ಡುಗಳನ್ನೇ ಟೈಪ್ ಮಾಡಿದೆ. ಮಧ್ಯಾಹ್ನ ಓನರ್ ಇಫ್ತಿಕಾರ್ ಹೊಸ ಸಿ.ಡಿ. ಹಾಕಿದ. ಸ್ಕ್ರೀನಿನ ಮೇಲೆ ಡಬ್ಬಿ ಬರೆಯುವುದು, ಡಬ್ಬಿಯಿಂದ ಡಬ್ಬಿಗೆ ಗೆರೆ ಎಳೆಯುವುದು — ಅಷ್ಟೇ ಸಾಫ್ಟ್‌ವೇರ್. ಕಾಲೇಜಿನವರ ಪ್ರಾಜೆಕ್ಟಿಗೆ ಬೇಕಂತೆ. ಡಬ್ಬಿ ಸರಿಸಿದರೆ ಗೆರೆಯೂ ಹಿಂದೆಯೇ ಬರುತ್ತದೆ, ಹಗ್ಗ ಕಟ್ಟಿದ ಆಡಿನ ಹಾಗೆ. ಚೆಂದ.

"ನಿಂಗೆ ಗೊತ್ತಿರೋದೇನಾದ್ರೂ ಹಾಕಿ ಕಲಿಯೋ ಮಾರುತೇಶ" ಎಂದ.

ನನಗೆ ಗೊತ್ತಿರುವುದು ಕಥೆ. ಅವ್ವ ಕಲಿಸಿದ್ದು.

ರೂಮಿಗೆ ಬಂದರೆ ಬೀಗ. ಕಾರಹುಣ್ಣಿಮೆಗೆಂದು ತವರಿಗೆ, ಮೊಳಕಾಲ್ಮೂರಿಗೆ ಹೋದ ಹೆಂಡತಿ ಕೊಟ್ರಮ್ಮ ಇನ್ನೂ ಬಂದಿಲ್ಲ. ನಾನೇ ಮಾಡಿದ ಅನ್ನ ಅರೆಬೆಂದಿತ್ತು. ಉಂಡೆ.

20-6, ಶುಕ್ರವಾರ

ಕುರಿ ಕಾಯುವವನು ಬಾವಿಗಿಳಿದ ಕಥೆ ಹಾಕಿದೆ. ನಮಾಜ್ ಮುಗಿಸಿ ಬಂದ ಇಫ್ತಿಕಾರ್ ನೋಡಿ ನಕ್ಕ.

"ಏನೋ ಇದು? ಡಬ್ಬಿ ಬಿಟ್ಟು ಡಬ್ಬೀಲಿ ಬರೀ 'ಹೂಂ' ಅಂತ ಐತೆ!"

"ಕಥೆಗೆ ಹೂಂ ಅನ್ನೋರು ಬೇಡ್ವಾ? ಇಲ್ದಿದ್ರೆ ಮುಂದಕ್ಕೆ ಹೋಗಲ್ಲ."

"ಅರೆ ಭಾಯ್, ಕಂಪ್ಯೂಟರು ಹೂಂ ಅಂತೈತಾ? ತೆಗಿ, ತೆಗಿ."

ನಮ್ಮೂರಲ್ಲಿ ಹೂಂ ಅನ್ನುವವರಿಲ್ಲದೆ ಯಾರೂ ಕಥೆ ಶುರು ಮಾಡುವುದಿಲ್ಲ. ನನಗೆ ಹೂಂ ಅನ್ನುತ್ತಿದ್ದವಳು ಕೊಟ್ರಮ್ಮ. ಒಲೆ ಊದುತ್ತಾ, ಕಾಯಿ ಬಿಡಿಸುತ್ತಾ...

ಒಂದು ಹೂಂ ಡಿಲೀಟ್ ಮಾಡಿದೆ. ಅದರ ಎರಡೂ ಗೆರೆ ಹೋದವು. ಕುರಿಯವನು ಬಾವಿಯ ದಡದಲ್ಲೇ ನಿಂತ.

25-6, ಸಂಜೆ 6

ಎಸ್.ಟಿ.ಡಿ. ಬೂತಿನಿಂದ ಫೋನ್ ಮಾಡಿದೆ. ಅವಳ ತವರಿನ ಪಕ್ಕದ ಮನೆಯವರು ಕೊಟ್ರಮ್ಮನನ್ನು ಕರೆದು ಫೋನ್ ಕೊಟ್ಟರು.

"ಯಾವಾಗ ಬರ್ತೀಯಾ?"

"ಬರಲ್ಲ."

"ಯಾಕೆ? ಬೈದ್ನಾ, ಹೊಡೆದ್ನಾ?"

"ಇಲ್ಲ. ಹೂಂ ಅಂದೂ ಅಂದೂ ಸಾಕಾಗೈತೆ. ನಂಗೂ ಬಾಯಿ ಐತೆ. ನಾನು ಹೇಳಿದ್ದು ಒಂದಾದ್ರೂ ನೆಪ್ಪೈತಾ ನಿಂಗೆ? ಒಂದು ಹೇಳು, ಈಗ್ಲೇ ಬಸ್ ಹತ್ತೀನಿ."

ಯೋಚಿಸಿದೆ. ಬೂತಿನ ಮೀಟರು ಓಡುತ್ತಿತ್ತು. ಅವಳು ಫೋನ್ ಇಟ್ಟುಬಿಟ್ಟಳು.

2-7, ಬುಧವಾರ

ಹೊಸ ಫೈಲು. ನಡುವೆ ಒಂದು ಡಬ್ಬಿ — ಕೊಟ್ರಮ್ಮ. ಅವಳು ಹೇಳಿದ್ದನ್ನೆಲ್ಲ ಸುತ್ತ ಇಡೋಣ ಎಂದುಕೊಂಡೆ. ಕರ್ಸರ್ ಮಿಣುಕುತ್ತಲೇ ಇತ್ತು. 'ಉಪ್ಪು ಮುಗಿದೈತೆ' ಎಂದು ಹೇಳಿದ್ದುಂಟು. ಅದನ್ನು ಹಾಕಲು ನಾಚಿಕೆಯಾಯಿತು.

ಕೊನೆಗೆ ಒಂದು ಸಿಕ್ಕಿತು. ತವರಿನಲ್ಲಿ ರೇಷ್ಮೆ ಸೀರೆಯ ಮಗ್ಗ. ಅಪ್ಪ ಮಗ್ಗದ ಕೆಳಗಿನ ಗುಂಡಿಗೆ ಕಾಲು ಇಳಿಬಿಟ್ಟು ನೇಯುತ್ತಿದ್ದಾನೆ. ಗುಂಡಿಯಲ್ಲಿ ಹಾವು. ಇವಳು ಪುಟ್ಟವಳು. ಕೂಗಲಿಲ್ಲವಂತೆ — ಕೂಗಿದರೆ ಅಪ್ಪ ಕಾಲು ಅಲ್ಲಾಡಿಸುತ್ತಾನೆಂದು. ಮೆಲ್ಲಗೆ...

ಮೆಲ್ಲಗೆ ಏನು ಮಾಡಿದಳು? ಅವತ್ತು ಅವಳು ಇಷ್ಟು ಹೇಳುವಷ್ಟರಲ್ಲಿ ನನಗೊಂದು ಹಾವಿನ ಕಥೆ ನೆನಪಾಗಿತ್ತು. ಶುರು ಮಾಡಿಬಿಟ್ಟಿದ್ದೆ. ಅವಳು ಹೂಂ ಅಂದಿದ್ದಳು.

ಅರ್ಧ ತುಂಬಿದ ಡಬ್ಬಿ ಹಾಗೇ ಬಿಟ್ಟು ಎದ್ದೆ.

"ಎಲ್ಲಿಗೋ?" ಎಂದ ಇಫ್ತಿಕಾರ್.

"ಮೊಳಕಾಲ್ಮೂರಿಗೆ."

ಅದೇ ದಿನ, 4 ಗಂಟೆ, ಬಸ್ಸಿನಲ್ಲಿ

ಇನ್ನೂ ಹೊರಟಿಲ್ಲ. ಡ್ರೈವರ್ ಟೀ ಕುಡಿಯುತ್ತಿದ್ದಾನೆ. ಅರ್ಧ ನೆನಪಿದ್ದರೆ ಅವಳು ಒಪ್ಪುತ್ತಾಳೋ ಇಲ್ಲವೋ. ಹೋಗಿ ಇಷ್ಟೇ ಕೇಳಬೇಕು — ಗುಂಡಿಯಲ್ಲಿ ಹಾವಿತ್ತು, ನಿಮ್ಮಪ್ಪನ ಕಾಲೂ ಅಲ್ಲೇ ಇತ್ತು. ನೀನು ಮೆಲ್ಲಗೆ... ಮುಂದೆ ಹೇಳು, ಹೂಂ.