ರೈಲು ಹೋದ ಮೇಲಿನ ಮಾತು

ಹರಪನಹಳ್ಳಿ
16 ಆಗಸ್ಟ್ 2009, ಭಾನುವಾರ

ಅವ್ವನ ಜೊತೆಗಾತಿ, ನನ್ನ ಚಿಗವ್ವ ಕೆಂಚಕ್ಕನಿಗೆ ಪುಷ್ಪಲತಾಳ ಶರಣು.

ಹಿರೇಹಡಗಲಿಯಲ್ಲಿ ಮಳೆ ಆಯಿತೇ? ನಿನ್ನ ಮಂಡಿ ನೋವು ಹೇಗಿದೆ? ಇಷ್ಟು ವರ್ಷ ಮಾತು ಬಿಟ್ಟವಳು ಈಗ ಯಾಕೆ ಬರೆದಳು ಎಂದು ಕಾಗದವನ್ನು ಬದಿಗಿಡಬೇಡ. ರಾತ್ರಿ ಶಾಲೆಯಲ್ಲಿ ಕಲಿತವಳು ನೀನು, ಕೂಡಿಸಿಕೊಂಡು ಓದಲು ಬರಲಿ ಎಂದು ಅಕ್ಷರ ದಪ್ಪಗೆ ಬರೆದಿದ್ದೇನೆ.

ನಮ್ಮನೆಯವರ ಅಂಗಡಿಗೆ ಈಗ ಕ್ಯಾಸೆಟ್ ಕೇಳಿಕೊಂಡು ಯಾರೂ ಬರುವುದಿಲ್ಲ. ಮೊಬೈಲಿಗೆ ಹಾಡು ತುಂಬಿಸಿಕೊಡುವುದೇ ಕೆಲಸ. ಹೋದ ತಿಂಗಳು ಬೆಂಗಳೂರಿನಿಂದ ಮಾಲು ತಂದರು. ಅದರಲ್ಲೊಂದು ಸಣ್ಣ ಪೆಟ್ಟಿಗೆ, ಒಳಗೆ ಹುಣಸೆ ಬೀಜದಷ್ಟು ಇಯರ್‌ಫೋನು, ಕಿವಿಯ ಒಳಕ್ಕೇ ಕೂರುವಂಥದ್ದು. ಸ್ಟುಡಿಯೋದಲ್ಲಿ ಹಾಡುವವರು ಹಾಕಿಕೊಳ್ಳುವ ದುಬಾರಿ ಮಾಲಂತೆ. ಮಾಡಿದ್ದು ಮಾತ್ರ ಚೀನಾದ ಯಾವುದೋ ಕಂಪನಿ, ಯಾರೂ ಹೆಸರು ಕೇಳಿದ್ದಿಲ್ಲ. ಅಲ್ಲಿನ ಅಂಗಡಿಯವನು ಮಾರಿ ಮಾರಿ ಸೋತು ಅರ್ಧಕ್ಕೆ ಕೊಟ್ಟನಂತೆ. ನಮ್ಮತ್ತೆ ಬಿಟ್ಟಾರೆಯೇ? “ಚೀನಾ ಮಾಲಿಗೆ ಇಷ್ಟು ಸುರಿದು ಬಂದೀಯಲ್ಲೋ ಹಂಪ್ಯಾ, ನಾಲ್ಕು ದಿನಕ್ಕ ಗಂಟ್ಲು ಕಟ್ತೈತಿ ಅದು” ಎಂದರು.

ಇವರು ಹಳೇ ಡೆಕ್ಕಿಗೆ ಸಿಗಿಸಿ, ವರ್ಷಗಟ್ಟಲೆ ಮಾರಿದ್ದ ಒಂದು ಕ್ಯಾಸೆಟ್ ಹಾಕಿ ಕೂತರು. ನೋಡ ನೋಡುತ್ತ ಕಣ್ಣು ಅಗಲವಾದವು. “ತಬಲಾದವನ ಉಂಗುರ ತಾಗೋದು ಕೇಳ್ತೈತಲೇ ಪುಷ್ಪಾ” ಎಂದರು. ನಾನೂ ಹಾಕಿಕೊಂಡೆ. ಬಸ್‌ಸ್ಟ್ಯಾಂಡಿನ ಗದ್ದಲ ಬಾಗಿಲು ಹಾಕಿದಂತೆ ನಿಂತಿತು. ಪಂಕ್ತಿಯಲ್ಲಿ ಕೂತ ಬೀಗರಂತೆ ಒಂದೊಂದು ಸದ್ದೂ ತನ್ನ ತನ್ನ ಜಾಗದಲ್ಲಿ ಕೂತಿತ್ತು.

ಆಗ ಅವ್ವನ ಕ್ಯಾಸೆಟ್ ನೆನಪಾಯಿತು. ನನ್ನ ಕೂಸು ಹುಟ್ಟಿದ ವರ್ಷ ಹಗರಿಬೊಮ್ಮನಹಳ್ಳಿಯ ಹುಲುಗಪ್ಪ ಗೋಡೆಗೆಲ್ಲ ಕಂಬಳಿ ಕಟ್ಟಿ, ನಿಮ್ಮಿಬ್ಬರನ್ನೂ ಕೂರಿಸಿ ಸೋಬಾನೆ ಪದ ತುಂಬಿಸಿಕೊಂಡನಲ್ಲ, ಅದರ ಮೂಲ ಕ್ಯಾಸೆಟ್. ತನ್ನ ಕ್ಯಾಸೆಟ್ ಅಂಗಡಿ ಮುಚ್ಚುವಾಗ ಇವರಿಗೆ ಕೊಟ್ಟಿದ್ದ. ನಾನು ಒಮ್ಮೆಯೂ ಕೇಳಿರಲಿಲ್ಲ. ಯಾಕೆಂದು ನಿನಗೆ ಗೊತ್ತು.

ಚೊಚ್ಚಲ ಬಾಣಂತನಕ್ಕೆ ಅವ್ವ ನನ್ನನ್ನು ತವರಿಗೆ ಕರೆಯಲಿಲ್ಲ. ನಿನ್ನನ್ನು ಇಲ್ಲಿಗೆ ಕಳಿಸಿದಳು. “ಪದಾ ಹಾಡಾಕ ಹೊತ್ತೈತಿ, ಮಗಳ ಬಾಣಂತನಕ್ಕ ಹೊತ್ತಿಲ್ಲ ನಿಮ್ಮವ್ವಗ” ಎಂದು ಅತ್ತೆ ಅಂದರೆ ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಕಡೆಗೊಮ್ಮೆ ಬಂದಳು. ಬಂದವಳು ಹೊಸ್ತಿಲ ಆಚೆಯೇ ನಿಂತು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂಸನ್ನು ನೋಡಿದಳು. ನಾನು ಎತ್ತಿ ಮುಂದೆ ಹಿಡಿದರೆ ಹಿಂದಕ್ಕೆ ಸರಿದಳು. ಹೆಣ್ಣು ಕೂಸೆಂದು ಮುಟ್ಟಲಿಲ್ಲ ಎಂದರು ಮನೆಯವರು. ನಾನೂ ಅದನ್ನೇ ನಂಬಿದೆ. ಮರುವರ್ಷ ಅವಳು ತೀರಿಕೊಂಡಾಗ ಮಣ್ಣಿಗೆ ಬಂದು, ಅಳದೆ ತಿರುಗಿ ಬಂದೆ. ನೀನು ಏನೋ ಹೇಳಲು ಬಂದು ನುಂಗಿಕೊಂಡೆ. ಅಂದಿನಿಂದ ನಿನ್ನ ಜೊತೆಗೂ ಮಾತಿಲ್ಲ.

ಚಿಗವ್ವ, ನಿಮ್ಮ ಪದದ ರೀತಿ ನನಗೆ ಗೊತ್ತು. ಅವ್ವ ಸಾಲು ಎತ್ತುತ್ತಾಳೆ. ಸಾಲಿನ ತುದಿಯನ್ನು ನೀನು ಹಿಡಿದುಕೊಳ್ಳುತ್ತೀ. ಅಷ್ಟರಲ್ಲಿ ಅವಳು ಉಸಿರು ತೆಗೆದುಕೊಳ್ಳುತ್ತಾಳೆ. ಕೇಳುವವರಿಗೆ ಒಂದೇ ಕೊರಳು. ಈ ಇಯರ್‌ಫೋನಿನಲ್ಲಿ ಎರಡೂ ಬೇರೆ ಬೇರೆ ಕೇಳಿದವು. ಮೊದಲ ಪದದಲ್ಲಿ ಅವಳು ತುದಿಯವರೆಗೂ ಹೋಗುತ್ತಾಳೆ. ಎರಡನೇ ಬದಿಗೆ ಬರುವಷ್ಟರಲ್ಲಿ ಅರ್ಧಕ್ಕೇ ಬಿಡುತ್ತಾಳೆ. ಎದೆಯೊಳಗೆ ಸಣ್ಣ ಸಿಳ್ಳು. ಕಡೆಯ ಪದದಲ್ಲಿ ಸಾಲಿನ ಮೊದಲ ಮಾತು ಮಾತ್ರ ಅವಳದು, ಉಳಿದದ್ದೆಲ್ಲ ನೀನು ಹೊತ್ತಿದ್ದೀ. ಅವಳು ಸೆರಗು ಬಾಯಿಗಿಟ್ಟು ಕೆಮ್ಮುವುದೂ ಕೇಳುತ್ತದೆ.

ಅಷ್ಟರಲ್ಲಿ ರೈಲು. ಹುಲುಗಪ್ಪ ನಿಲ್ಲಿಸಿರೆಂದು ಕೂಗಿ, ಮಿಷನ್ನು ಬಂದ್ ಮಾಡದೆ ಹೊರಗೆ ಹೋಗಿದ್ದಾನೆ. ರೈಲಿನ ಸದ್ದು ಇಳಿದ ಮೇಲೆ ಗೋಡೆಯಾಚೆ ಮಾತಾಡಿದಷ್ಟು ಸಣ್ಣಗೆ ನಿಮ್ಮಿಬ್ಬರ ಮಾತು.

“ಕೂಸು ಯಾರ್ನ ಹೋಲ್ತೈತಲೇ ಕೆಂಚಿ?” ಅವ್ವ ಕೇಳುತ್ತಾಳೆ.

“ಮೂಗು ನಿಂದು, ಬಣ್ಣ ಅವರಪ್ಪಂದು. ಬಾಯಿ ಮಾತ್ರ ಆ ಕಡಿ ಅಜ್ಜೀದು. ಒಂದ್ಸಲ ತಗದ್ರ ಮುಚ್ಚಂಗಿಲ್ಲ.”

ಇಬ್ಬರೂ ನಗುತ್ತೀರಿ. ಅವಳ ನಗು ಕೆಮ್ಮಾಗುತ್ತದೆ.

“ಒಂದ್ಸಲ ಎತ್ಕೊಂಡ್ರ ಏನಾಕ್ಕೈತಿ?”

“ಎಳೆ ಕೂಸಿನ ಹತ್ರ ಹೋಗಬ್ಯಾಡ ಅಂತ ಡಾಕ್ಟ್ರು ಅಂದಿಲ್ಲೇನು? ಟಿಬಿ ಗುಳಿಗಿ ಮುಗೀಲಿ, ಆಮ್ಯಾಲೆ ಕೆಳಗ ಇಳಸಬ್ಯಾಡ.”

“ಪುಷ್ಪಾಗ ಹೇಳಿಗೀಳಿಯಲೇ. ಬೀಗರಿಗೆ ಗೊತ್ತಾದ್ರ ಅಕಿನ್ನೂ ಕೂಸನ್ನೂ ಹತ್ರ ಸೇರಸಂಗಿಲ್ಲ. ನನ್ನ ಮ್ಯಾಲ ಸಿಟ್ಟು ಮಾಡ್ಕೊಂಡಿರ್ಲಿ. ಸಿಟ್ಟಿದ್ರ ಈ ಕಡಿ ಬರಂಗಿಲ್ಲ.”

ಮತ್ತೆ ಕೆಮ್ಮು. ಅದು ನಿಂತ ಮೇಲೆ ಅವ್ವ ಇನ್ನೂ ಒಂದು ಮಾತು ಅನ್ನುತ್ತಾಳೆ, ತೀರಾ ಸಣ್ಣಗೆ. ಅಷ್ಟರಲ್ಲಿ ಹುಲುಗಪ್ಪ ಬಾಗಿಲು ತೆಗೆಯುತ್ತಾನೆ.

ಸಿಟ್ಟಾಗಲಿ ಎಂದೇ ಅವಳು ಬಯಸಿದ್ದಳು, ನಾನು ಒಂದು ದಿನವೂ ತಪ್ಪದೆ ಸಿಟ್ಟಾದೆ. ಅವಳ ಮಣ್ಣಿನ ದಿನ ಬಾರದ ಅಳು ಅಂಗಡಿಯಲ್ಲಿ, ಗಿರಾಕಿಗಳ ಮುಂದೆ ಬಂತು. ಏನಾಯಿತು ಎಂದವರಿಗೆ ಹಾಡು ಚೆನ್ನಾಗಿದೆ ಎಂದೆ. ಗುಳಿಗೆ ಮುಗಿಯಲೇ ಇಲ್ಲವೇನು, ಚಿಗವ್ವ? ಕೊಟ್ಟ ಮಾತಿಗೆ ನೀನು ಬಾಯಿ ಕಟ್ಟಿಕೊಂಡೆ. ನಿನ್ನ ಮೇಲೆ ನನಗೇನೂ ಇಲ್ಲ.

ಒಂದು ದಿನ ಬಿಡುವು ಮಾಡಿಕೊಂಡು ಬಾ. ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಎದುರಿಗೇ ಅಂಗಡಿ. ನಿನ್ನ ಕಿವಿಗೆ ನಾನೇ ಹಾಕಿ ಕೇಳಿಸುತ್ತೇನೆ. ಅವಳ ಆ ಕಡೆಯ ಮಾತು ಏನೆಂದು ನೀನು ಬಿಡಿಸಿ ಹೇಳುವೆಯಂತೆ.

ನೀನು ನೀರೆರೆದು ಸಲಹಿದ ಬಾಣಂತಿ,
ಪುಷ್ಪಲತಾ

ತಾ.ಕ.: ಕೇಳಿಸುತ್ತೇನೆ ಎಂದು ಬರೆದದ್ದು ಸುಳ್ಳು. ಹಳೇ ಟೇಪು, ಮೊದಲು ಕಂಪ್ಯೂಟರಿಗೆ ಇಳಿಸೋಣ ಎಂದು ಇವರು ಹೇಳಿದ್ದರು. ಅಲ್ಲಿಯವರೆಗೆ ನಾನು ಕಾಯಲಿಲ್ಲ. ಆ ಕಡೆಯ ಮಾತಿಗಾಗಿ ಹಿಂದೆ ಮುಂದೆ ತಿರುಗಿಸುತ್ತಲೇ ಇದ್ದೆ. ನಿನ್ನೆ ಟೇಪು ಮಿಷನ್ನಿಗೆ ಸುತ್ತಿಕೊಂಡು ಸರಿಯಾಗಿ ಅಲ್ಲಿಯೇ ಹರಿಯಿತು. ತುಂಡು ಕೂಡಿಸಿದರು, ಬರೀ ಗರಗರ. ನಿಜ ಬರೆದರೆ ನೀನು ಬರಲಾರೆಯೇನೋ ಎಂದು ಹೆದರಿದ್ದೆ. ಆ ಕೋಣೆಯಲ್ಲಿ ಅವಳ ಪಕ್ಕ ಕೂತವಳು ನೀನೊಬ್ಬಳೇ. ನೆನಪಿಲ್ಲದಿದ್ದರೂ ಬಾ.