ಏಣಿಯ ಬುಡದ ದೃಷ್ಟಿಬೊಂಬೆ

ನಜ್ಮಾ, ದೋಹಾ
೧೫ ನವೆಂಬರ್ ೧೯೯೬, ಶುಕ್ರವಾರ

ಪ್ರೀತಿಯ ಪೂವಕ್ಕನಿಗೆ,

ನಿನ್ನ ತಮ್ಮ ಸೀನಪ್ಪನ ನಮಸ್ಕಾರಗಳು. ನಾನಿಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ, ಅದಕ್ಕೆ ಬರೆದೆ. ಮೈಗೇನೂ ಆಗಿಲ್ಲ. ಭಾವನ ಮೊಣಕಾಲು ಹೇಗಿದೆ? ಚಂದ್ರಿಕಾ ಗಣಿತಕ್ಕೆ ಹೆದರುತ್ತಾಳೆ ಎಂದಿದ್ದೆ. ಹೆದರಬೇಡ ಎಂದು ಹೇಳು, ಅವಳ ಮಾವ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದೂ ವಿಮಾನ ಹತ್ತಿದವನು.

ನಿನ್ನ ಎರಡು ಕಾಗದಗಳೂ ಬಂದವು. ಉತ್ತರ ಬರೆಯದೆ ಕೂತೆ, ಕ್ಷಮಿಸು. ಕೆಲಸ ಜಾಸ್ತಿ ಇತ್ತು ಎನ್ನಬಹುದಿತ್ತು, ಆದರೆ ನಾನು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ ಎಂದು ಚಿಕ್ಕಂದಿನಲ್ಲೇ ಕಂಡುಹಿಡಿದವಳು ನೀನು. ನಿಜ ಏನೆಂದರೆ ನಾಚಿಕೆಯಾಗಿತ್ತು. ಈಗ ನಾನು ಬೋರ್ಡು ಬರೆಯುವ ಅಂಗಡಿಯ ಧಣಿ ಮೊಯ್ದಿನ್ ಕುಂಞಿಯವರು ಊರಿಗೆ ಹೊರಟಿದ್ದಾರೆ. ಈ ಕಾಗದವನ್ನೂ ಭಾವನ ಮೊಣಕಾಲಿಗೆ ಹಚ್ಚಲು ಕೊಡಲಿ ಮಾರ್ಕಿನ ನೋವಿನೆಣ್ಣೆಯನ್ನೂ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರ ಬಾಯಿಯಿಂದ ವಿಷಯ ತಿಳಿಯುವ ಮೊದಲು ನಾನೇ ಹೇಳಿಬಿಡುತ್ತೇನೆ.

ದೋಹಾದಿಂದ ಉತ್ತರಕ್ಕೆ ಹೋದರೆ ಒಬ್ಬ ಅರಬಾಬನ ದೊಡ್ಡ ತೋಟ ಇದೆ. ಅರಬಾಬ್ ಎಂದರೆ ಇಲ್ಲಿ ಧಣಿ. ತೋಟ ಎಂದ ಕೂಡಲೇ ನೆರಳು, ತಂಪು ಎಂದು ಕಲ್ಪಿಸಿಕೊಳ್ಳಬೇಡ. ಖರ್ಜೂರದ ಮರಗಳು, ಆಡಿಗೆ ಹಾಕುವ ಹುಲ್ಲು, ಅದರಾಚೆ ಬರೀ ಮರಳು. ಅರಬಾಬನ ಮಗ ಯುರೋಪಿಗೆ ಹೋಗಿದ್ದಾಗ ಅಲ್ಲಿ ಬೇಟೆಯವರು ಕಾಡಿನಂಚಿನಲ್ಲಿ ಎತ್ತರದ ಮರದ ಅಟ್ಟಣೆ ಹತ್ತಿ ಕೂತು ಜಿಂಕೆ ಕಾಯುವುದನ್ನು ನೋಡಿದನಂತೆ. ಬಂದವನೇ ತೋಟದ ಬೇಲಿಯ ಬಳಿ ಎರಡಾಳೆತ್ತರದ ಅಂಥದ್ದೇ ಅಟ್ಟಣೆ ಕಟ್ಟಿಸಿದ. ಇಲ್ಲಿ ಜಿಂಕೆ ಎಲ್ಲಿಂದ ಬರಬೇಕು? ನಾಲ್ಕು ಪಾರಿವಾಳ ಹೊಡೆದ, ಬೇಸರ ಬಂತು, ಬಿಟ್ಟ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ, ಹಾಗೆ.

ಬೇಸಿಗೆಯ ಬಿಸಿಲಿಗೆ ಏಣಿಯ ಮರ ಒಣಗಿ ಸೀಳು ಬಿಟ್ಟಿತು, ಮೊಳೆಗಳು ಸಡಿಲವಾದವು. ಕೆಲಸದವರು ಮಾತ್ರ ಸಂಜೆ ಗಾಳಿಗೆಂದು ಅದನ್ನು ಹತ್ತುತ್ತಿದ್ದರು. ಯಾರಾದರೂ ಬಿದ್ದರೆ ಹೊಣೆ ಜಾಗದ ಧಣಿಯ ತಲೆಗೆ ಬರುತ್ತದೆ ಎಂದು ತೋಟದ ಮ್ಯಾನೇಜರನಿಗೆ ಭಯ. ಏಣಿ ರಿಪೇರಿ ಮಾಡಿಸಬಹುದಿತ್ತು, ಇಲ್ಲ ಕೆಡವಬಹುದಿತ್ತು. ಅವನು ಬೋರ್ಡು ಬರೆಸಿದ. ಬೋರ್ಡು ಇದ್ದರೆ ಬಿದ್ದವನ ತಪ್ಪು, ಇಲ್ಲದಿದ್ದರೆ ಧಣಿಯ ತಪ್ಪು, ಇದು ಅವನ ಲೆಕ್ಕಾಚಾರ.

ಅರಬಿಯಲ್ಲೂ ಇಂಗ್ಲಿಷಿನಲ್ಲೂ ‘ಅಪಾಯ, ಖಾಸಗಿ ಜಾಗ, ಹತ್ತಬೇಡಿ’ ಎಂದು ಬರೆಯಬೇಕು, ಓದಲು ಬಾರದವರಿಗೆ ಒಂದು ಚಿತ್ರವೂ ಇರಬೇಕು ಎಂದು ಆರ್ಡರು. ಚಿತ್ರ ಎಂಥದ್ದು ಎಂದು ಕೇಳಿದೆ. ನೋಡಿದವನಿಗೆ ಹೆದರಿಕೆ ಆಗಬೇಕು ಮಾರಾಯ, ಅಷ್ಟೇ ಎಂದರು ಮೊಯ್ದಿನ್ ಕುಂಞಿಯವರು. ತಲೆಬುರುಡೆ ಬರೆಯೋಣವೆಂದರೆ ನನ್ನ ಕೈಯಲ್ಲಿ ಅದು ತೆಂಗಿನಕಾಯಿಯಂತೆ ಕಾಣುತ್ತದೆ. ಕೊನೆಗೆ ಕೈಗೆ ರೂಢಿಯಿದ್ದದ್ದನ್ನೇ ಬರೆದೆ. ನಿನ್ನ ಹೊಸಮನೆ ಕಟ್ಟುವಾಗ ನಾನು ಬೂದುಗುಂಬಳದ ಮೇಲೆ ಬರೆದುಕೊಟ್ಟ ಮುಖ ನೆನಪಿದೆಯಲ್ಲ, ಅದೇ: ಉಂಡೆ ಕಣ್ಣು, ಗಿರಿಜಾ ಮೀಸೆ, ಕೋರೆಹಲ್ಲು, ಹೊರಚಾಚಿದ ಕೆಂಪು ನಾಲಿಗೆ. ಬಹಳ ಚೆನ್ನಾಗಿ ಬಂದಿತ್ತು ಅಕ್ಕ. ಹೆಮ್ಮೆಗೆ ಮೂಲೆಯಲ್ಲಿ ಕನ್ನಡದಲ್ಲಿ ‘ಸೀನಪ್ಪ ಆರ್ಟ್ಸ್’ ಎಂದೂ ಬರೆದೆ. ಏಣಿಯ ಬುಡಕ್ಕೆ ನಾನೇ ಹೋಗಿ ಮೊಳೆ ಹೊಡೆದು ಬಂದೆ.

ಆಮೇಲೆ ಆ ತೋಟಕ್ಕೆ ನೀರಿನ ಪೈಪು ಹಾಕಲು ಹೊಸಬನೊಬ್ಬ ಬಂದ. ನಿಂಗರಾಜ ಎಂದು ಹೆಸರು, ಗದಗದ ಕಡೆಯವನು. ಅವನಿಗೆ ಅರಬಿ ಇಂಗ್ಲಿಷು ಎರಡೂ ಬಾರದು, ಹಿಂದಿ ಅಷ್ಟಕ್ಕಷ್ಟೆ, ಕನ್ನಡ ಓದಲು ಬರುತ್ತದೆ. ಒಂದು ಸಂಜೆ ಅಟ್ಟಣೆಯ ಬುಡಕ್ಕೆ ಹೋಗಿ ನೋಡಿದ್ದಾನೆ. ಹೊಸ ಕಟ್ಟಡಕ್ಕೆ ದೃಷ್ಟಿ ಆಗದಿರಲಿ ಎಂದು ಕಟ್ಟುವ ಬೊಂಬೆ ಕಂಡಿದೆ. ಕೆಳಗೆ ಕನ್ನಡದಲ್ಲಿ ಹೆಸರೂ ಇದೆ. ನಮ್ಮವರು ಯಾರೋ ಭಕ್ತಿಯಿಂದ ಕಟ್ಟಿದ್ದಾರೆ, ಅಂದಮೇಲೆ ಗಟ್ಟಿಯಾಗಿಯೇ ಇರಬೇಕು ಎಂದುಕೊಂಡು ಹತ್ತಿದ್ದಾನೆ. ಮೇಲಿನ ಮೆಟ್ಟಿಲು ಕಿತ್ತು ಬಂದು ಬೆನ್ನಡಿಯಾಗಿ ಬಿದ್ದ. ಸೊಂಟದ ಮೂಳೆ ಮುರಿದಿದೆ, ತೊಡೆಗೆ ರಾಡು ಹಾಕಿದ್ದಾರೆ.

ಆಸ್ಪತ್ರೆಗೇ ಪೊಲೀಸರು ಬಂದು ಹೇಳಿಕೆ ತೆಗೆದುಕೊಂಡರು. ಮ್ಯಾನೇಜರ್ ನನ್ನನ್ನೂ ಕರೆಸಿದ. ಬೋರ್ಡನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಬಂದು ವಾರ್ಡಿನ ಗೋಡೆಗೆ ಒರಗಿಸಿದ್ದರು. ನರ್ಸೊಬ್ಬಳು ಅದನ್ನು ನೋಡಿ ಬೆಚ್ಚಿದಾಗ ನನಗೆ ಒಳಗೊಳಗೇ ಖುಷಿಯಾಯಿತು, ಅಷ್ಟು ಮೂರ್ಖ ನಾನು. ನಿಂಗರಾಜ ಅರೆಬರೆ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದ. ದುಭಾಷಿ ಅದನ್ನು ಅರಬಿಯಲ್ಲಿ ಹೇಳಿದ. ಮ್ಯಾನೇಜರ್ ನಕ್ಕು, ಹತ್ತಿ ಬಿದ್ದ ಮೇಲೆ ಕಥೆ ಕಟ್ಟುತ್ತಿದ್ದಾನೆ ಎಂದ. ಪೊಲೀಸ್ ಅಧಿಕಾರಿ ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದ: ನಿಮ್ಮ ದೇಶದಲ್ಲಿ ಈ ಚಿತ್ರಕ್ಕೆ ಅರ್ಥ ಏನು?

ಅಪಾಯ ಎಂದೆ. ಮಕ್ಕಳಿಗೂ ಗೊತ್ತು ಎಂದೂ ಸೇರಿಸಿದೆ.

ಯಾಕೆ ಹಾಗೆಂದೆ? ನನ್ನ ಬೋರ್ಡು ತಪ್ಪು ಎಂದಾದರೆ ಅಂಗಡಿಗೆ ಕೆಟ್ಟ ಹೆಸರು, ನನ್ನ ವೀಸಾ ಆ ಅಂಗಡಿಯದ್ದು, ಕುತ್ತಿಗೆಗೆ ಬಂದೀತು ಎಂಬ ಹೆದರಿಕೆ. ಯಾರೂ ನನ್ನ ಮೇಲೆ ತಪ್ಪು ಹೊರಿಸಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನೇ. ಆ ಒಂದು ಮಾತಿಗೆ ನಿಂಗರಾಜ ತಿಳಿದೂ ಹತ್ತಿದವನಾದ. ಇನ್ನು ಔಷಧಿ, ಪರಿಹಾರ ಯಾವುದೂ ಧಣಿಯ ಮೇಲಿಲ್ಲ, ಸ್ಟ್ರೆಚರಿನಲ್ಲಿಯೇ ಊರಿಗೆ ಕಳಿಸುತ್ತೇವೆ, ಖಲಾಸ್ ಎಂದ ಮ್ಯಾನೇಜರ್. ಹೊರಗೆ ಬಂದು ನನ್ನ ಬೆನ್ನು ತಟ್ಟಿದ. ಅವನ ಕೈ ಬಿದ್ದ ಜಾಗ ಈಗಲೂ ಉರಿಯುತ್ತದೆ.

ಮರುದಿನ ಒಂದು ಕೆಫೆಟೇರಿಯಾದ ಬೋರ್ಡಿನಲ್ಲಿ ಚಹಾದ ಲೋಟ ಬರೆಯಲು ಮೂರು ಸಲ ಒರೆಸಿದೆ. ಮೊಯ್ದಿನ್ ಕುಂಞಿಯವರು ನೋಡಿ, ಏನು ವಿಷಯ ಎಂದು ಕೇಳಿದರು. ಹೇಳಿದೆ. ಅವರು ಬೈಯುತ್ತಾರೆಂದು ಕಾದೆ. ಅವರು ಅಂಗಡಿಯ ಬಾಗಿಲು ಅರ್ಧ ಎಳೆದು ಎದುರು ಕೂತರು.

“ಬರೆದದ್ದು ತಪ್ಪಲ್ಲ ಸೀನಪ್ಪ, ನಿನಗೆ ಬರುವುದನ್ನು ಬರೆದೆ. ಹೇಳಿದ್ದು ತಪ್ಪು ಮಾರಾಯ. ಅಂಗಡಿ ಹೋದ್ರೆ ನಂದು ಹೋಗ್ತದೆ, ನಿಂಗೇನು? ಹೋಗಿ ಸರಿ ಮಾಡಿ ಬಾ. ಬೇಕಾದ್ರೆ ನಾನೂ ಬರ್ತೇನೆ.”

ಬಂದರು ಕೂಡ. ಠಾಣೆಯಲ್ಲಿ ಅದೇ ಅಧಿಕಾರಿ ಇದ್ದ. ಇದು ಅಪಾಯದ ಚಿತ್ರ ಅಲ್ಲ ಸಾಹೇಬರೇ, ಕೆಟ್ಟ ಕಣ್ಣು ತಾಗದಿರಲಿ ಎಂದು ಹೊಸ ಮನೆಗೆ ಕಟ್ಟುವುದು, ನಮ್ಮಲ್ಲಿ ಇದನ್ನು ಕಂಡು ಯಾರೂ ದೂರ ಹೋಗುವುದಿಲ್ಲ ಎಂದೆ. ಮೊಯ್ದಿನ್ ಕುಂಞಿಯವರು ಅರಬಿಯಲ್ಲಿ ಹೇಳುತ್ತಿದ್ದಂತೆಯೇ ಅವನು ಕೈಯೆತ್ತಿ ನಿಲ್ಲಿಸಿದ. ಅವರಲ್ಲೂ ಕಣ್ಣು ಬೀಳುತ್ತದಂತೆ, ಅವನ ತಾಯಿ ಮಗುವಿನ ಅಂಗಿಗೆ ನೀಲಿ ಮಣಿ ಕಟ್ಟುತ್ತಾಳಂತೆ. ಇದನ್ನು ಅಂದೇ ಹೇಳಿದ್ದರೆ ನನಗೆ ಅರ್ಥವಾಗುತ್ತಿರಲಿಲ್ಲವೇ ಎಂದು ಕೇಳಿದ. ಹೇಳಿಕೆ ಬದಲಾಯಿಸಿದ್ದಕ್ಕೆ ಗದರಿಸಿದ, ಆದರೆ ಬರೆದುಕೊಂಡ.

ಈಗ ನಿಂಗರಾಜನನ್ನು ಕಳಿಸುವುದು ನಿಂತಿದೆ. ಏಣಿ ಕೆಟ್ಟಿದ್ದು ಮ್ಯಾನೇಜರನಿಗೆ ಮೊದಲೇ ಗೊತ್ತಿತ್ತು ಎಂದು ತೋಟದ ಉಳಿದ ಕೆಲಸದವರೂ ಬಾಯಿ ಬಿಟ್ಟಿದ್ದಾರೆ. ಅವನು ಎದ್ದು ನಡೆಯುವವರೆಗೆ ಚಿಕಿತ್ಸೆ ತೋಟದ ಧಣಿಯ ಹೊಣೆ ಎಂದಾಗಿದೆ, ಪರಿಹಾರದ ಮಾತು ಕೋರ್ಟಿನಲ್ಲಿ ತೀರ್ಮಾನವಾಗಬೇಕು. ಅಟ್ಟಣೆಯನ್ನು ಕೆಡವಿದರಂತೆ. ಆ ತೋಟದ ಕೆಲಸ ನಮ್ಮ ಅಂಗಡಿಗೆ ಇನ್ನು ಇಲ್ಲ. ಮೊಯ್ದಿನ್ ಕುಂಞಿಯವರು ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ಅವರು ಮನೆಗೆ ಬಂದಾಗ ಬರೀ ಚಹಾ ಕೊಟ್ಟು ಕಳಿಸಬೇಡ, ನೀರುದೋಸೆ ಮಾಡು.

ಬೀಡಿ ಕಟ್ಟುತ್ತಾ ಕತ್ತಲಾಗುವವರೆಗೆ ಕೂರಬೇಡ, ಕಣ್ಣು ಹಾಳಾಗುತ್ತದೆ. ಭಾವನಿಗೆ ನಮಸ್ಕಾರ, ಚಂದ್ರಿಕಾಳಿಗೆ ನೂರು ವರ್ಷ ಆಯುಸ್ಸು, ಗಣಿತದಲ್ಲಿ ಮೂವತ್ತೈದಾದರೂ ಬರಲಿ. ಅಮ್ಮ ಇಲ್ಲದ ಮೇಲೆ ನನ್ನ ತಲೆಯ ಮೇಲೆ ಇರುವುದು ನಿನ್ನದೊಂದೇ ಕೈ. ಇದನ್ನೆಲ್ಲ ಓದಿದ ಮೇಲೂ ಅದನ್ನು ಅಲ್ಲೇ ಇಟ್ಟಿರು.

ನಿನ್ನ ತಮ್ಮ,
ಸೀನಪ್ಪ

ಮರೆತ ಮಾತು: ಮರೆತದ್ದಲ್ಲ ಅಕ್ಕ, ಬರೆಯಲು ಧೈರ್ಯ ಬರಲಿಲ್ಲ. ಮೊಯ್ದಿನ್ ಕುಂಞಿಯವರಿಗೂ ಇದು ಗೊತ್ತಿಲ್ಲ. ಅಂದು ಆಸ್ಪತ್ರೆಯಲ್ಲಿ ಅಧಿಕಾರಿ ನನ್ನನ್ನು ಕೇಳುವುದಕ್ಕೆ ಮೊದಲು ನಿಂಗರಾಜ ಬೋರ್ಡಿನ ಮೂಲೆ ನೋಡಿ, ನನ್ನ ಮುಖ ನೋಡಿ, ಮಲಗಿದ್ದಲ್ಲಿಂದಲೇ ಕೈ ಮುಗಿದ. “ಸೀನಪ್ಪ ಅಣ್ಣಾರು ನೀವ ಏನ್ರಿ? ನನ್ನ ಹಿಂದಿ ಇವರಿಗೆ ತಿಳಿವಲ್ದು. ಇದು ದೃಷ್ಟಿ ಗೊಂಬಿ ಅಂತ ನೀವರ ಒಂದ್ ಮಾತ್ ಹೇಳ್ರಿ” ಎಂದ. ಎಲ್ಲರೂ ನನ್ನನ್ನು ನೋಡುತ್ತಿದ್ದರು. ನಾನು ಅವನ ಕಡೆಯವನೆಂದು ತಿಳಿದುಬಿಡುತ್ತಾರೆ ಎಂದು ಹೆದರಿ, “ಕ್ಯಾ ಬೋಲ್‌ತಾ ಹೈ, ಮಾಲೂಮ್ ನಹೀ” ಎಂದುಬಿಟ್ಟೆ, ಅವನ ಕನ್ನಡ ನನಗೆ ತಿಳಿಯದವನಂತೆ.

ಠಾಣೆಯಿಂದ ಬಂದ ಮೇಲೆ ಒಬ್ಬನೇ ಆಸ್ಪತ್ರೆಗೆ ಹೋದೆ. ಹಾಸಿಗೆಯ ಪಕ್ಕ ಕೂತು ಎಲ್ಲವನ್ನೂ ಕನ್ನಡದಲ್ಲೇ ಹೇಳಿದೆ, ತಪ್ಪಾಯಿತು ನಿಂಗರಾಜ ಎಂದೆ. ಅವನು ಮುಖ ಸಿಂಡರಿಸಲಿಲ್ಲ, ಬೈಯಲೂ ಇಲ್ಲ. ಹಿಂದಿ ಪದ ಹುಡುಕಿ ಹುಡುಕಿ ಜೋಡಿಸಿಕೊಂಡು, “ಶುಕ್ರಿಯಾ ಭಾಯ್‌ಸಾಬ್, ಆಪ್ ಬಹುತ್ ಅಚ್ಛಾ ಆದ್ಮಿ” ಎಂದ. ಪ್ರತಿ ಶುಕ್ರವಾರ ಹೋಗುತ್ತೇನೆ, ಇವತ್ತೂ ಹೋಗಿದ್ದೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವನು ಹಿಂದಿಯಲ್ಲೇ ಉತ್ತರ ಕೊಡುತ್ತಾನೆ.