ನಮ್ಮ ಮೂರಡಿ ಇಳಿಜಾರು, ಪಕ್ಕದ ನಾಲ್ಕು ಮಹಡಿ

ನಗರ ಯೋಜನೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮ ಮನೆ ಬಾಗಿಲಿನ ಇಳಿಜಾರನ್ನು ಕಳೆದ ಮಂಗಳವಾರ ಒಡೆಸಿದಿರಿ. ಮೂರಡಿ ಅಗಲ, ಹನ್ನೆರಡು ಅಡಿ ಉದ್ದದ ಆ ಸಿಮೆಂಟು ಜಯಲಕ್ಷ್ಮಿಪುರಂ ವಸತಿ ವಲಯದ ಶಿಸ್ತನ್ನು ಕೆಡಿಸುತ್ತಿತ್ತಂತೆ. ಲಕ್ವ ಹೊಡೆದು ಗಾಲಿಕುರ್ಚಿಯಲ್ಲಿರುವ ನನ್ನ ಯಜಮಾನರು ಜ್ಞಾನಪ್ರಕಾಶ್ ಅದರ ಮೇಲೆ ಇಳಿದೇ ಪ್ರತಿ ಭಾನುವಾರ ಚರ್ಚಿಗೆ ಹೋಗುತ್ತಿದ್ದರು. ಮೂವತ್ತು ವರ್ಷ ಅಲ್ಲಿ ಹಾಡು ಹೇಳಿಕೊಟ್ಟವರು ಅವರು. ಈಗ ಮನೆಗೂ ರಸ್ತೆಗೂ ನಡುವೆ ನಾಲ್ಕು ಮೆಟ್ಟಿಲುಗಳಿವೆ.

ನೋಟಿಸು ತಂದವರು ನಿಮ್ಮ ಕಚೇರಿಯ ಅಳತೆಗಾರ ಮಹದೇವು. ಟೇಪು ಹಿಡಿದು, "ಸೆಟ್‌ಬ್ಯಾಕ್ ಜಾಗದಲ್ಲಿ ಏನೂ ಕಟ್ಟಂಗಿಲ್ಲ ಕಣಮ್ಮ, ಕಾಂಪೌಂಡಿನ ಒಳಗೆ ಸುತ್ತ ಖಾಲಿ ಬುಡ್ಬೇಕು" ಎಂದರು. ಅವರ ಬೆನ್ನ ಹಿಂದೆ ಸರ್ಕಾರಿ ಇಲಾಖೆಯೊಂದರ ಕಟ್ಟಡ ಮೂರು ಮಹಡಿ ಮುಗಿಸಿ ನಾಲ್ಕನೆಯದಕ್ಕೆ ಕಂಬ ಎತ್ತುತ್ತಿತ್ತು. ನಿಮ್ಮ ನಕ್ಷೆಯಲ್ಲಿ ಆ ನಿವೇಶನ ಮಕ್ಕಳ ಉದ್ಯಾನ. ಅದರ ಗೋಡೆಗೂ ನಮ್ಮ ಕಾಂಪೌಂಡಿಗೂ ನಡುವೆ ಬೆಕ್ಕು ನುಸುಳುವಷ್ಟೂ ಜಾಗವಿಲ್ಲ. ಅದನ್ನೂ ಅಳೆಯಿರಿ ಎಂದೆ. "ಅದು ಸರ್ಕಾರದ್ದು. ನಮ್ ಟೇಪು ಅಲ್ಲೀಗಂಟ ಓಗಲ್ಲ" ಎಂದು ಮಹದೇವು ಟೇಪು ಸುತ್ತಿಕೊಂಡರು.

ನಿಮ್ಮನ್ನೇ ಕಾಣಲು ಬಂದೆ. ನೆನಪಿದೆಯೇ? "ಸರ್ಕಾರಿ ಕಾಮಗಾರಿಗೆ ನಮ್ಮ ಪರವಾನಗಿ ಬೇಕಿಲ್ಲಮ್ಮ. ನಿಯಮ ಇರೋದು ಸಾರ್ವಜನಿಕರ ಅನುಕೂಲಕ್ಕೆ" ಎಂದಿರಿ. ಅನುಕೂಲವನ್ನೆಲ್ಲ ನಮಗೇ ಬಿಟ್ಟುಕೊಟ್ಟು, ಪಾಪ, ಸರ್ಕಾರ ನಾಲ್ಕು ಮಹಡಿಯಲ್ಲಿ ಕಷ್ಟಪಡುತ್ತಿದೆ ಎಂದು ನನಗೆ ಆಗಲೇ ಗೊತ್ತಾದದ್ದು. ಇಷ್ಟು ಔದಾರ್ಯದ ಎದುರು ನಾನು ಸುಮ್ಮನಿರುವುದು ಸರಿಯೇ? ನಮ್ಮ ಇಳಿಜಾರನ್ನು ಸರ್ಕಾರಕ್ಕೆ ದಾನ ಕೊಡುವುದಾಗಿ ಅರ್ಜಿ ಬರೆದೆ. ಸರ್ಕಾರದ್ದಾದರೆ ಉಳಿಯುತ್ತದಲ್ಲ. ಐದು ವಾರದ ಮೇಲೆ ನಿಮ್ಮ ಉತ್ತರ ಬಂತು: "ಅನಧಿಕೃತ ನಿರ್ಮಾಣವನ್ನು ದಾನವಾಗಿ ಸ್ವೀಕರಿಸಲು ಅವಕಾಶವಿರುವುದಿಲ್ಲ. ಸದರಿ ನಿರ್ಮಾಣವನ್ನು ತೆರವುಗೊಳಿಸಿದ ನಂತರ ಹೊಸದಾಗಿ ಅರ್ಜಿ ಸಲ್ಲಿಸತಕ್ಕದ್ದು." ತೆರವಾದ ಮೇಲೆ ದಾನ ಕೊಡುವುದು ಏನನ್ನು, ಸ್ವಾಮಿ?

ಒಡೆಯುವಾಗ ಯಜಮಾನರು ಕಿಟಕಿಯಲ್ಲಿದ್ದರು. ಮಾತು ತೊದಲುತ್ತದೆ. ಆದರೂ ಕೆಲಸದವರಿಗೆ, "ಉಷಾರು ಕಣ್ರಪ್ಪ, ಕಾಲ್ ಮೇಲೆ ಬಿದ್ಬುಟ್ಟಾತು" ಎಂದರು. ಮಹದೇವು ತಲೆಯೆತ್ತದೆ ನನ್ನ ಸಹಿ ಪಡೆದು ಹೋದರು.

ನಿನ್ನೆ ಭಾನುವಾರ ಬೆಳಿಗ್ಗೆ ಏಳಕ್ಕೆ ಯಾರೋ ಬಾಗಿಲು ತಟ್ಟಿದರು. ನೋಡಿದರೆ ಮಹದೇವು, ಜೊತೆಗೆ ಪಕ್ಕದ ಸರ್ಕಾರಿ ಕಟ್ಟಡದ ಗಾರೆ ಕೆಲಸದ ಮಂಟಯ್ಯ. ಬಲಗಡೆ ಮಹದೇವು, ಎಡಗಡೆ ಮಂಟಯ್ಯ ಹಿಡಿದು ಯಜಮಾನರನ್ನು ಕುರ್ಚಿ ಸಮೇತ ರಸ್ತೆಗೆ ಇಳಿಸಿದರು. "ಇವತ್ತು ರಜಾ ಕಣಮ್ಮ. ನಾನೂ ಸಾರ್ವಜನಿಕನೇ" ಎಂದರು ಮಹದೇವು.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಹದಿನೈದು ದಿನದೊಳಗೆ ಇಳಿಜಾರನ್ನು ಮತ್ತೆ ಕಟ್ಟಲು ಲಿಖಿತ ಅನುಮತಿ ಕೊಡಿ. ಇಲ್ಲವೇ ಅದೇ ಟೇಪನ್ನು ಪಕ್ಕದ ಗೋಡೆಗೂ ಹಿಡಿಯಿರಿ. ಎರಡೂ ನಿಮ್ಮ ವ್ಯಾಪ್ತಿಗೆ ಬರದಿದ್ದರೆ ಭಾನುವಾರ ಏಳು ಗಂಟೆಗೆ ತಾವೇ ದಯಮಾಡಿಸಿ. ಮಂಟಯ್ಯನ ಕೆಲಸ ಮುಂದಿನ ತಿಂಗಳು ಮುಗಿಯುತ್ತದೆ. ಎಡಗಡೆ ಜಾಗ ಖಾಲಿಯಾಗಲಿದೆ.

ಇಂತಿ,
ದಾನ ಕೊಡಲು ಏನೂ ಉಳಿಯದ
ಜ್ಞಾನಮ್ಮ
ಜಯಲಕ್ಷ್ಮಿಪುರಂ, ಮೈಸೂರು
೧೩ ಆಗಸ್ಟ್ ೨೦೦೧